ಬಿಲ್ಲಿನಲ್ಲಿ ಬರೆಯದ ಬಾಕಿ

ಹೋದ ತಿಂಗಳು ನಮ್ಮ ಚೆನ್ನೈ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಹಳೆಯ ಉಡುಪಿ ಹೋಟೆಲೊಂದರ ಅರ್ಧ ಇಳಿದ ಷಟರ್, ಅದರ ಮೇಲೆ ಅಂಟಿಸಿದ ಕೈಬರಹದ ಚೀಟಿ. ಮಧ್ಯಾಹ್ನದ ಹೊತ್ತಿಗೆ ನೂರು ಸಂದೇಶ ದಾಟಿತ್ತು. ‘ಅಯ್ಯೋ, ನಮ್ಮ ಹೋಟೆಲು!’, ‘ಇನ್ನು ಅಂಥ ಸಾಂಬಾರ್ ಎಲ್ಲಿ?’, ‘ಒಂದು ಯುಗ ಮುಗಿಯಿತು’. ಅಳುವ ಮುಖದ ಚಿತ್ರಗಳಂತೂ ಲೆಕ್ಕವಿಲ್ಲ. ಸಂಜೆ ಒಬ್ಬ ಹುಡುಗಿ, ಊರಿಂದ ಬಂದು ಇನ್ನೂ ವರ್ಷವಾಗಿಲ್ಲ, ಮುಗ್ಧವಾಗಿ ಕೇಳಿದಳು: ‘ನೀವೆಲ್ಲ ಅಲ್ಲಿಗೆ ಕೊನೆಯ ಸಲ ಹೋಗಿದ್ದು ಯಾವಾಗ?’ ಆಮೇಲೆ ಗುಂಪಿನಲ್ಲಿ ರಾತ್ರಿಯವರೆಗೆ ಯಾರೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಯಾರೋ ಒಂದು ಶುಭೋದಯದ ಹೂವು ಹಾಕಿ ಎಲ್ಲರನ್ನೂ ಪಾರು ಮಾಡಿದರು.

ನಾನು ಅಲ್ಲಿಗೆ ಕೊನೆಯ ಸಲ ಹೋಗಿ ಒಂಬತ್ತು ವರ್ಷವಾಗಿತ್ತು. ಆ ನೂರು ಸಂದೇಶಗಳಲ್ಲಿ ನನ್ನವೂ ಮೂರು ಇದ್ದವು.

ಆ ಹುಡುಗಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾವೇ ಬಿಟ್ಟುಬಂದದ್ದು ಸತ್ತಾಗ ಅದಕ್ಕಾಗಿ ಅಳುವ ಹಕ್ಕು ನಮಗಿದೆಯೇ? ಹೋಟೆಲು ಮುಚ್ಚುವುದು ಗಿರಾಕಿ ಇಲ್ಲದೆ. ಆ ಬಾರದ ಗಿರಾಕಿಗಳಲ್ಲಿ ನಾವೂ ಸೇರಿದ್ದೇವೆ. ಹಾಗಿರುವಾಗ ಈ ಶೋಕ ಎಷ್ಟು ಪ್ರಾಮಾಣಿಕ?

ಇದನ್ನು ಕೇಳಿಕೊಳ್ಳಲು ನನಗೆ ಬೇರೊಂದು ಕಾರಣವೂ ಇದೆ. ಅದು ಇನ್ನೂ ಹಳೆಯದು, ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ಗೆ ಸಂಬಂಧಿಸಿದ್ದು. ಚೆನ್ನೈಯಲ್ಲಿ ಈಗ ನಲವತ್ತು ದಾಟಿದವರಿಗೆ ಆ ಹೆಸರು ಹೇಳಿದರೆ ಸಾಕು, ಕಣ್ಣು ಬೇರೆ ಕಡೆ ಹೋಗುತ್ತದೆ. ಕಿರಿಯರಿಗಾಗಿ ಸ್ವಲ್ಪ ಹೇಳುತ್ತೇನೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದು, ಹುಡುಗನಾಗಿದ್ದಾಗ ಬೇರೆಯವರ ಅಡುಗೆಮನೆಗಳಲ್ಲಿ ದುಡಿದು, ಮದ್ರಾಸಿನಲ್ಲಿ ಸ್ವಂತ ಹೋಟೆಲು ಕಟ್ಟಿದವರು ಕೃಷ್ಣರಾಯರು. 1938ರಲ್ಲಿ ಅವರು ರಾಯಪೇಟೆಯಲ್ಲಿ ರಾಮನಾಡಿನ ರಾಜರ ಒಂದು ಬಂಗಲೆಯನ್ನು ಬಾಡಿಗೆಗೆ ಹಿಡಿದರು. ಆ ಬಂಗಲೆಯ ಹೆಸರೇ ವುಡ್‌ಲ್ಯಾಂಡ್ಸ್. ಹೋಟೆಲಿಗೂ ಅದೇ ಹೆಸರು ನಿಂತಿತು. ತುಳುನಾಡಿನ ಅಡುಗೆ, ತಮಿಳು ರಾಜನ ಮನೆ, ಇಂಗ್ಲಿಷ್ ಹೆಸರು. ಮುಂದೆ ಆ ಹೆಸರು ದೆಹಲಿಯ ಲೋಧಿ ಹೋಟೆಲಿಗೂ ಹೋಯಿತು, ಲಂಡನ್ನಿಗೂ ಹೋಯಿತು. ಚೆನ್ನೈಯ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಈಗಲೂ ಇದೆ. ಆದರೆ ಜನ ಹಂಬಲಿಸುವುದು ಅದಕ್ಕಲ್ಲ, ಕೆಥಡ್ರಲ್ ರಸ್ತೆಯಲ್ಲಿ ಜೆಮಿನಿ ಫ್ಲೈಓವರ್ ಹತ್ತಿರ 1962ರಲ್ಲಿ ಶುರುವಾದ ಡ್ರೈವ್-ಇನ್‌ಗೆ.

ದೊಡ್ಡ ದೊಡ್ಡ ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಸಪ್ಲೈಯರ್ ಬಂದು ಕಿಟಕಿಗೆ ಟ್ರೇ ಸಿಕ್ಕಿಸಿ ಹೋಗುತ್ತಿದ್ದ. ಕಾರಿಲ್ಲದವರಿಗೆ ಒಳಗೆ ಮೇಜುಗಳಿದ್ದವು. ಔಷಧ ಕಂಪನಿಗಳ ಪ್ರತಿನಿಧಿಗಳಿಗೆ ಅದೇ ಆಫೀಸು, ಅಲ್ಲೇ ಅವರ ದಿನದ ವರದಿ ಬರೆಯುವುದು. ಸಿನಿಮಾದವರಿಗೆ ಕಥೆ ಹೇಳುವ ಜಾಗ. ಕೆಲಸ ಹುಡುಕುವವರಿಗೆ ಕೆಲಸ ಸಿಗುವವರೆಗೆ ಕುಳಿತುಕೊಳ್ಳುವ ಜಾಗ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಏಳಿ ಎನ್ನುತ್ತಿರಲಿಲ್ಲ.

ಮದ್ರಾಸು ಚೆನ್ನೈ ಆದ ವರ್ಷ, 1996ರಲ್ಲಿ, ಎಂಸಿಎ ಓದಲೆಂದು ನಾನು ತಿಪಟೂರಿನಿಂದ ಇಲ್ಲಿಗೆ ಬಂದೆ. ಕೈಯಲ್ಲಿ ದುಡ್ಡಿಲ್ಲ, ಬಾಯಲ್ಲಿ ತಮಿಳಿಲ್ಲ. ಎರಡನೆಯ ವಾರ ಯಾರೋ ಸಹಪಾಠಿ ಡ್ರೈವ್-ಇನ್‌ಗೆ ಕರೆದುಕೊಂಡು ಹೋದ. ನಾನು ತಡವರಿಸಿ ‘ಒರು ಕಾಪಿ’ ಅಂದದ್ದು ಕೇಳಿ ಸಪ್ಲೈಯರ್ ನಕ್ಕ. ಬಿಳಿ ಅಂಗಿ, ಸುಮಾರು ನಲವತ್ತು ವರ್ಷ. ‘ಹ್ವಾಯ್, ಯಾವೂರಾಯ್ತ್ ನಿಮ್ದ್?’ ಎಂದು ಕೇಳಿದ. ಕುಂದಾಪುರದ ಕಡೆಯವರು. ನನ್ನ ಬಯಲುಸೀಮೆಯ ಕಿವಿಗೆ ಅವರ ಕನ್ನಡ ಅರ್ಧ ಮಾತ್ರ ಅರ್ಥವಾಯಿತು, ಆದರೂ ಗಂಟಲು ಕಟ್ಟಿತು. ಅಂದಿನಿಂದ ಅವರು ನನಗೆ ಅಣ್ಣ. ನಾನು ಅವರಿಗೆ ಮಾಣಿ. ಕರಾವಳಿಯಲ್ಲಿ ಮಾಣಿ ಅಂದರೆ ಹುಡುಗ, ಹೋಟೆಲಿನಲ್ಲಿ ತಿಂಡಿ ತಂದುಕೊಡುವವನನ್ನೂ ಹಾಗೇ ಕರೆಯುತ್ತಾರೆ. ನನ್ನನ್ನು ಹಾಗೆ ಕರೆದು ಅವರು ಒಳಗೊಳಗೇ ನಗುತ್ತಿದ್ದರು ಅನಿಸುತ್ತದೆ.

ಇಲ್ಲೊಂದು ವಿಚಿತ್ರವನ್ನು ಒಪ್ಪಿಕೊಳ್ಳಬೇಕು. ಉಡುಪಿಯ ಅಡುಗೆ ನನ್ನ ಮನೆಯ ಅಡುಗೆ ಅಲ್ಲ. ನಮ್ಮದು ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ಸಾಂಬಾರಿಗೆ ಬೆಲ್ಲ ಹಾಕುತ್ತಾರೆಂದು ತಿಳಿದರೆ ನಮ್ಮಜ್ಜಿ ಮೂರು ದಿನ ಆ ಮಾತನ್ನೇ ಆಡಿಕೊಂಡಿರುತ್ತಿದ್ದಳು. ನಾನು ಉಡುಪಿಯನ್ನು ಕಣ್ಣಲ್ಲಿ ನೋಡಿದ್ದು ಮದುವೆಯಾದ ಮೇಲೆ. ಆದರೆ ಚೆನ್ನೈಯಲ್ಲಿ ಆ ಸಿಹಿ ಬೆರೆತ ಸಾಂಬಾರೇ ನನಗೆ ‘ಊರ ರುಚಿ’ಯಾಯಿತು. ಮುಂದೆ ಕೆಲಸದ ಮೇಲೆ ದೆಹಲಿಗೋ ಪುಣೆಗೋ ಹೋದಾಗ ‘ಉಡಿಪಿ’ ಎಂಬ ಬೋರ್ಡು, ಇಂಗ್ಲಿಷಿನಲ್ಲಿ ಆ ಕಾಗುಣಿತವೂ ತಪ್ಪೇ, ಕಂಡರೆ ಸಾಕು, ನನ್ನ ಜನ ಸಿಕ್ಕರು ಎಂದು ಒಳಗೆ ನುಗ್ಗುತ್ತಿದ್ದೆ. ಒಂದೇ ಹೆಸರು, ಒಂದೇ ತರಹದ ಸ್ಟೀಲಿನ ಲೋಟ, ಒಂದೇ ಅಳತೆಯ ಇಡ್ಲಿ. ಮನೆಯಲ್ಲಿರುವವನಿಗೆ ಇದು ಬೇಸರ ತರಿಸಬಹುದು, ಮನೆ ಬಿಟ್ಟವನಿಗೆ ಅದೇ ಆಸರೆ. ಹೋದಲ್ಲೆಲ್ಲ ಒಂದೇ ಥರ ಇರುವ ಜಾಗವೊಂದು ಅವನಿಗೆ ಬೇಕು. ಅದು ಅವನ ಊರಿನದ್ದೇ ಆಗಿರಬೇಕೆಂದೇನಿಲ್ಲ.

ಅಂದರೆ ನನ್ನ ಹಂಬಲದ ವಸ್ತು ಮೊದಲಿನಿಂದಲೂ ಸ್ವಲ್ಪ ಸುಳ್ಳೇ.

‘ನಾಸ್ಟಾಲ್ಜಿಯಾ’ ಎಂಬ ಪದ ಹುಟ್ಟಿದ್ದು 1688ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ತನ್ನ ಪ್ರಬಂಧಕ್ಕಾಗಿ ಎರಡು ಗ್ರೀಕ್ ಪದಗಳನ್ನು ಬೆಸೆದು ಅದನ್ನು ಮಾಡಿದ. ಮನೆಗೆ ಮರಳುವುದು ಒಂದು ಪದ, ನೋವು ಇನ್ನೊಂದು. ಅವನಿಗೆ ಅದು ಕವಿತೆಯ ಮಾತಲ್ಲ, ಕಾಯಿಲೆಯ ಹೆಸರು. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗನೊಬ್ಬ ಸಾಯುವ ಸ್ಥಿತಿ ಮುಟ್ಟಿದ್ದನಂತೆ, ಊರಿಗೆ ಹೊರಡಿಸಿದ್ದೇ ತಡ, ದಾರಿಯಲ್ಲೇ ಚೇತರಿಸಿಕೊಂಡನಂತೆ. ಬರ್ನ್‌ಗೂ ಬಾಸೆಲ್‌ಗೂ ಎಷ್ಟು ದೂರ ಎಂದು ನೋಡಿದೆ. ತಿಪಟೂರಿನಿಂದ ಬೆಂಗಳೂರಿಗಿಂತ ಹೆಚ್ಚೇನಿಲ್ಲ. ನೋವಿಗೆ ಕಿಲೋಮೀಟರಿನ ಲೆಕ್ಕ ಇಲ್ಲವೆಂದು ಕಾಣುತ್ತದೆ.

ನೂರು ವರ್ಷದ ಮೇಲೆ ತತ್ವಜ್ಞಾನಿ ಕಾಂಟ್ ಈ ರೋಗಕ್ಕೆ ಇನ್ನೊಂದು ಕೊಂಡಿ ಸೇರಿಸಿದ. ಹೀಗೆ ಹಂಬಲಿಸಿ ಊರಿಗೆ ಮರಳಿದವರಿಗೆ ಅಲ್ಲಿ ನಿರಾಸೆಯಾಗುತ್ತದೆ, ಊರು ಬದಲಾಗಿದೆ ಎಂದುಕೊಳ್ಳುತ್ತಾರೆ, ನಿಜವಾಗಿ ಅವರು ಹುಡುಕಿ ಬಂದದ್ದು ತಮ್ಮ ಹರೆಯವನ್ನು, ಅದು ಎಲ್ಲೂ ಸಿಗುವುದಿಲ್ಲ ಎನ್ನುವ ಅರ್ಥದಲ್ಲಿ ಬರೆದ. ತನ್ನ ಊರಿನ ಸುತ್ತಮುತ್ತಲಿನಿಂದ ಆಚೆ ಹೋಗದೆ ಬದುಕಿದವನು ವಲಸಿಗರ ಬಗ್ಗೆ ಇಷ್ಟು ಸರಿಯಾಗಿ ಹೇಳಿದನಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಯುರಿ. ಕನ್ನಡದಲ್ಲಿ ನಾವು ಇದನ್ನು ಹಳಹಳಿಕೆ ಎನ್ನುತ್ತೇವೆ. ಆ ಪದದಲ್ಲಿ ನನ್ನ ಕಿವಿಗೆ ‘ಹಳೆ’ ಕೇಳಿಸುತ್ತದೆ, ಆದರೆ ಅರ್ಥ ಕೊರಗು, ಪರಿತಾಪ. ಅದು ನನಗೆ ಇಂಗ್ಲಿಷ್ ಪದಕ್ಕಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ಪರಿತಪಿಸುವವನು ಏನೋ ಮಾಡಿರಬೇಕು, ಇಲ್ಲವೇ ಮಾಡದೆ ಬಿಟ್ಟಿರಬೇಕು.

ನಾನು ಮಾಡದೆ ಬಿಟ್ಟದ್ದು ಇದು.

ಡ್ರೈವ್-ಇನ್ ಇದ್ದ ಜಮೀನಿನ ಗುತ್ತಿಗೆಯ ತಗಾದೆ ವರ್ಷಗಟ್ಟಲೆ ನಡೆದು 2008ರಲ್ಲಿ ಹೋಟೆಲು ಮುಚ್ಚಿತು, ಜಾಗ ಸರ್ಕಾರಕ್ಕೆ ಹೋಯಿತು. ಆ ಹೊತ್ತಿಗೆ ನಾನು ಓಎಂಆರ್ ರಸ್ತೆಯ ಐಟಿ ಕಂಪನಿಯೊಂದರಲ್ಲಿದ್ದೆ, ಮನೆ ವೇಳಚ್ಚೇರಿಯಲ್ಲಿ. ಡ್ರೈವ್-ಇನ್‌ಗೆ ಹೋಗುವುದು ವರ್ಷಕ್ಕೆ ಎರಡು ಸಲವಾಗಿ, ಒಂದು ಸಲವಾಗಿ, ಮೂರು ವರ್ಷದಿಂದ ಪೂರ್ತಿ ನಿಂತಿತ್ತು. ಮುಚ್ಚುವ ಸುದ್ದಿ ಕೇಳಿ ಹೊಸ ಕ್ಯಾಮೆರಾ ಹಿಡಿದು ಹೋದೆ. ನನ್ನ ಥರ ಬಂದವರು ಬಹಳ ಜನ ಇದ್ದರು. ಮರದ ಫೋಟೋ, ಟ್ರೇಯ ಫೋಟೋ, ಕಾಫಿಯ ನೊರೆಯ ಫೋಟೋ. ಅಣ್ಣ ಸಿಕ್ಕಿದರು. ‘ನೀವ್ ಬರೂದ್ ಬಿಟ್ಟ್ ಎಷ್ಟ್ ಕಾಲ ಆಯ್ತ್ ಮರಾಯ್ರೆ?’ ಎಂದರು. ಮಾಣಿ ಎನ್ನಲಿಲ್ಲ. ಅದನ್ನು ಗಮನಿಸಿದ್ದು ನೆನಪಿದೆ. ಹೊರಡುವಾಗ ನನ್ನ ಮೊಬೈಲ್ ನಂಬರ್ ಕೇಳಿ ಒಂದು ಬಿಲ್ಲಿನ ಹಿಂದೆ ಬರೆದುಕೊಂಡರು.

ನಾಲ್ಕು ದಿನದ ನಂತರ ಫೋನು ಬಂತು. ನಿಮ್ಮ ಕಂಪನಿಯಲ್ಲಿ ದೊಡ್ಡ ಕ್ಯಾಂಟೀನು ಇದೆಯಂತಲ್ಲ, ಅಲ್ಲಿ ಏನಾದರೂ ಆದೀತೇ, ಐವತ್ತು ದಾಟಿದೆ, ಆದರೆ ಕೈಕಾಲು ಗಟ್ಟಿ ಇದೆ, ಮಗಳ ಓದು ಇನ್ನೊಂದು ವರ್ಷ ಇದೆ. ‘ನೋಡ್ತೀನಿ ಅಣ್ಣ, ಖಂಡಿತ ನೋಡ್ತೀನಿ’ ಎಂದೆ. ಕ್ಯಾಂಟೀನಿನ ಗುತ್ತಿಗೆದಾರರ ಕಡೆಯವನು ನಮ್ಮ ಮಹಡಿಗೇ ದಿನಾ ಬರುತ್ತಿದ್ದ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೆಲಸ ಸಿಗುತ್ತಿತ್ತೆಂದು ಹೇಳಲಾರೆ, ಕೇಳಬಹುದಿತ್ತು. ಆ ವಾರ ನನಗೆ ಪುರುಸೊತ್ತಿರಲಿಲ್ಲ. ಯಾಕೆಂದರೆ ರಾತ್ರಿ ಕೂತು ಡ್ರೈವ್-ಇನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೆ. ಇಂಥದೇ ಒಂದು ಪತ್ರಿಕೆಗೆ. ಚೆನ್ನಾಗಿತ್ತು ಎಂದು ಬಹಳ ಜನ ಹೇಳಿದರು, ಮುಂಬೈಯಿಂದ ಒಬ್ಬ ಹಿರಿಯರು ಓದಿ ಕಣ್ಣೀರು ಬಂತೆಂದು ಪತ್ರ ಬರೆದರು. ಅದರಲ್ಲಿ ಅಣ್ಣ ಇದ್ದರು, ‘ಬಿಳಿ ಅಂಗಿಯ ಆ ನಗುಮುಖಗಳು’ ಎಂಬ ಅರ್ಧ ಸಾಲಿನಲ್ಲಿ. ಅವರು ಮತ್ತೆ ಎರಡು ಸಲ ಫೋನು ಮಾಡಿದರು. ಮೊದಲ ಸಲ ಮೀಟಿಂಗಿನಲ್ಲಿದ್ದೆ. ಎರಡನೆಯ ಸಲ ಮೀಟಿಂಗಿನಲ್ಲಿರಲಿಲ್ಲ.

ನನ್ನ ಪರವಾಗಿ ವಾದಿಸಲು ಬಹಳ ಇದೆ, ವಾದಿಸಿಯೂ ಇದ್ದೇನೆ. ಹೋಟೆಲೆಂದರೆ ವ್ಯಾಪಾರ. ತಿಂದೆ, ಬಿಲ್ಲು ಕೊಟ್ಟೆ, ಮೇಲೆ ಟಿಪ್ಸೂ ಇಟ್ಟೆ. ಲೆಕ್ಕ ಅಲ್ಲಿಗೆ ಚುಕ್ತ. ಜೀವನಪೂರ್ತಿ ಒಂದೇ ಕಡೆ ದೋಸೆ ತಿನ್ನುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಮನೆ ದೂರವಾದಾಗ ಹತ್ತಿರದ ಅಂಗಡಿಗೆ ಹೋಗುವುದು ದ್ರೋಹವೂ ಅಲ್ಲ. ಇದೆಲ್ಲ ನಿಜ, ನನ್ನ ಅನುಮಾನ ‘ಚುಕ್ತ’ ಎಂಬ ಒಂದು ಪದದ ಮೇಲೆ ಮಾತ್ರ. ಒಂದು ಕಾಫಿಗೆ ಎರಡು ಗಂಟೆ ಕೂರಲು ಬಿಟ್ಟದ್ದಕ್ಕೆ ಬಿಲ್ಲಿನಲ್ಲಿ ಬೆಲೆ ಹಾಕಿರಲಿಲ್ಲ. ಅರೆಹೊಟ್ಟೆಯ ಹುಡುಗನೆಂದು ತಿಳಿದು ಕೇಳದೆಯೇ ಇನ್ನೊಂದು ಬಟ್ಟಲು ಸಾಂಬಾರ್ ತಂದಿಟ್ಟದ್ದಕ್ಕೂ ಹಾಕಿರಲಿಲ್ಲ. ನಾವು ಇಂದು ನೆನೆದು ಕಣ್ಣು ತೇವ ಮಾಡಿಕೊಳ್ಳುವುದೆಲ್ಲ ಇಂಥ ಬಿಟ್ಟಿ ಸಿಕ್ಕದ್ದನ್ನೇ. ದುಡ್ಡು ಕೊಟ್ಟು ತಿಂದ ದೋಸೆಗಾಗಿ ಯಾರೂ ಅಷ್ಟು ಅಳುವುದಿಲ್ಲ. ಹಾಗಾದರೆ ಬಾಕಿ ಉಳಿದಿದೆ ಎಂದಾಯಿತು. ಮತ್ತು ಆ ಬಾಕಿ ಕಟ್ಟಡಕ್ಕಲ್ಲ, ಮರಕ್ಕಲ್ಲ, ‘ಯುಗ’ಕ್ಕೂ ಅಲ್ಲ.

ಅಮೆರಿಕದ ಸಹೋದ್ಯೋಗಿಯೊಬ್ಬರು, ನಿವೃತ್ತಿಗೆ ಹತ್ತಿರವಿದ್ದವರು, ಒಮ್ಮೆ ಇಂಥದೇ ಮಾತಿಗೆ ಸಿಕ್ಕಿದ್ದರು. ನ್ಯೂಯಾರ್ಕಿನ ಕಡೆ ನೆಡಿಕ್ಸ್ ಎಂಬ ಹಾಟ್ ಡಾಗ್ ಅಂಗಡಿಗಳ ಸರಣಿ ಇತ್ತು. 1913ರಲ್ಲಿ ಶುರುವಾದದ್ದು, ಹಾಟ್ ಡಾಗ್ ಜೊತೆ ಕಿತ್ತಳೆಯ ಪಾನೀಯ ಕೊಡುತ್ತಿದ್ದರು. 1980ರ ದಶಕದ ಆರಂಭದ ಹೊತ್ತಿಗೆ ಎಲ್ಲ ಮುಚ್ಚಿತು. ಸುಮಾರು ಇಪ್ಪತ್ತು ವರ್ಷದ ಮೇಲೆ ಯಾರೋ ಅದೇ ಹೆಸರಿಟ್ಟು ಮತ್ತೆ ತೆರೆದರಂತೆ, ಇವರು ಆಸೆಯಿಂದ ಹೋಗಿ ತಿಂದರಂತೆ. ರುಚಿ ಹೇಗಿತ್ತು ಎಂದೆ. ‘ರುಚಿ ಸರಿಯಾಗೇ ಇತ್ತು, ಆದರೆ ನನ್ನ ಜೊತೆ ನಮ್ಮಪ್ಪ ಇರಲಿಲ್ಲ’ ಎಂದರು. ವೀಡಿಯೋ ಕರೆಯಲ್ಲಿ ಆಮೇಲೆ ಏನು ಹೇಳಬೇಕೆಂದು ತಿಳಿಯದೆ ಇಬ್ಬರೂ ಪ್ರಾಜೆಕ್ಟಿನ ಮಾತಿಗೆ ಮರಳಿದೆವು. ಹೆಸರನ್ನು ಕೊಂಡು ತರಬಹುದು. ಉಳಿದದ್ದು ಬರುವುದಿಲ್ಲ.

ಬರಬೇಕೇ ಎಂಬುದೂ ಪ್ರಶ್ನೆ. ನಾವು ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವಾಗ ಆ ಕಾಲದ ಹೋಟೆಲಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿಕೊಳ್ಳುವುದಿಲ್ಲ. ಮದ್ರಾಸಿನ ಹಲವು ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು, ಬೋರ್ಡಿನ ಮೇಲೆಯೇ ಜಾತಿ ಬರೆದಿರುತ್ತಿತ್ತು. 1957ರಲ್ಲಿ ಪೆರಿಯಾರ್ ಕಡೆಯವರು ಇಲ್ಲಿನ ಹೋಟೆಲೊಂದರ ಮುಂದೆ ಆ ಪದವನ್ನು ತೆಗೆಯಿರಿ ಎಂದು ಬಹುಕಾಲ ಚಳವಳಿ ಮಾಡಿ ಜೈಲಿಗೆ ಹೋದರು. ನನ್ನ ಅಜ್ಜ ಆ ಕಾಲದಲ್ಲಿ ಮದ್ರಾಸಿಗೆ ಬಂದಿದ್ದರೆ ಅವರನ್ನು ಎಲ್ಲಿ ಕೂರಿಸುತ್ತಿದ್ದರೋ. ಅವರು ಬರಲಿಲ್ಲ, ಹಾಗಾಗಿ ನನಗೆ ಹಂಬಲಿಸುವುದು ಸುಲಭವಾಗಿದೆ.

ಅಗ್ಗದ ಊಟದ ಹಿಂದೆ ಅಗ್ಗದ ದುಡಿಮೆಯೂ ಇತ್ತು. ಹತ್ತು ಹನ್ನೆರಡು ವರ್ಷಕ್ಕೆ ಮನೆ ಬಿಟ್ಟು ಬಂದ ಕರಾವಳಿಯ ಹುಡುಗರು ಲೋಟ ತೊಳೆದರು, ಹಿಟ್ಟು ರುಬ್ಬಿದರು, ಅಂಗಡಿ ಮುಚ್ಚಿದ ಮೇಲೆ ಮೇಜುಗಳ ಮೇಲೇ ಮಲಗಿದರು. ಮುಂಬೈಯಲ್ಲಿ ಅವರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು, ಅಲ್ಲಿ ಓದಿ ಮೇಲೆ ಬಂದವರನ್ನು ನಾವು ಸಮ್ಮೇಳನಗಳಲ್ಲಿ ಹೆಮ್ಮೆಯಿಂದ ಸನ್ಮಾನಿಸುತ್ತೇವೆ. ಓದದೆ ಉಳಿದವರ ಲೆಕ್ಕ ಯಾರ ಹತ್ತಿರ ಇದೆ? ಇಂದು ಉಡುಪಿ ಹೋಟೆಲಿಗೆ ಉಡುಪಿಯ ಹುಡುಗರು ಸಿಗುವುದಿಲ್ಲ ಎಂದು ಮಾಲೀಕರು ಕೊರಗುತ್ತಾರೆ, ಜೊತೆಗೆ ನಾವೂ ಕೊರಗುತ್ತೇವೆ. ಸಿಗದೇ ಇರುವುದು ಒಳ್ಳೆಯ ಸುದ್ದಿ. ಅಣ್ಣನ ಮಗಳು ಮೇಜು ಒರೆಸಬೇಕಾಗಿಲ್ಲ. ಅವರ ಜಾಗದಲ್ಲಿ ಈಗ ಒಡಿಶಾದ, ಅಸ್ಸಾಮಿನ, ಬಿಹಾರದ ಹುಡುಗರಿದ್ದಾರೆ. ‘ಮೊದಲಾದರೆ ಕನ್ನಡದಲ್ಲಿ ಮಾತಾಡಿಸುತ್ತಿದ್ದರು, ಈಗ ಹಿಂದಿ’ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ, ನಾನೇ ಮುರಿದಿದ್ದೇನೆ. ಆ ಹುಡುಗನಿಗೂ ಈ ಊರಿನಲ್ಲಿ ‘ಯಾವೂರು?’ ಎಂದು ಅವನ ಭಾಷೆಯಲ್ಲಿ ಕೇಳುವವರಿಲ್ಲ ಎಂಬುದು ಹೊಳೆಯಲು ನನಗೆ ಬಹಳ ವರ್ಷ ಹಿಡಿಯಿತು. ಈಗ ನಮ್ಮ ಬೀದಿಯ ಹೋಟೆಲಿನ ಹುಡುಗನ ಊರು ಗೊತ್ತು, ಭದ್ರಕ್ ಹತ್ತಿರ. ಅದರಿಂದ ಹಳೆಯ ಬಾಕಿ ತೀರಿತು ಎಂದುಕೊಳ್ಳುವಷ್ಟು ದಡ್ಡ ನಾನಲ್ಲ. ಒಬ್ಬರಿಗೆ ಕೊಡಬೇಕಾದ್ದನ್ನು ಇನ್ನೊಬ್ಬರಿಗೆ ಕೊಟ್ಟು ರಸೀದಿ ಬರೆದುಕೊಳ್ಳಲಾಗುವುದಿಲ್ಲ.

ಡ್ರೈವ್-ಇನ್ ಇದ್ದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಇದೆ, ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನ. ಹೋಟೆಲು ಮುಚ್ಚಿದ ವರ್ಷವೇ ನಮ್ಮ ಕನ್ನಡಕ್ಕೂ ಶಾಸ್ತ್ರೀಯ ಸ್ಥಾನ ಸಿಕ್ಕಿತು ಎಂಬುದು ನೆನಪಾದರೆ ನಗು ಬರುತ್ತದೆ. ಹಳೆಯ ಮರಗಳನ್ನು ಬಹಳಷ್ಟು ಉಳಿಸಿಕೊಂಡಿದ್ದಾರೆ. ಮಕ್ಕಳು ಓಡಾಡುತ್ತಾರೆ, ಕಾಲೇಜಿನ ಜೋಡಿಗಳು ಗಂಟೆಗಟ್ಟಲೆ ಕೂರುತ್ತಾರೆ, ಅದಕ್ಕೆ ಒಂದು ಕಾಫಿಯನ್ನೂ ಕೊಳ್ಳಬೇಕಾಗಿಲ್ಲ. ಟಿಕೆಟ್ ಒಂದು ಸಾಕು. ಕಾರಿದ್ದವರ ಹೋಟೆಲಿಗಿಂತ ಇದು ಹೆಚ್ಚು ಜನರ ಜಾಗ ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪಬೇಕಾಗುತ್ತದೆ, ಇಷ್ಟವಿಲ್ಲದಿದ್ದರೂ.

ಆರು ವರ್ಷದ ಹಿಂದೆ ಕೊಲ್ಲೂರಿಗೆ ಹೋಗಿದ್ದಾಗ, ಹಳೆಯ ಪರಿಚಯದವರೊಬ್ಬರಿಂದ ವಿಳಾಸ ಹಿಡಿದು ಅಣ್ಣನ ಮನೆಗೆ ಹೋದೆ. ರಸ್ತೆ ಬದಿಯ ಸಣ್ಣ ದಿನಸಿ ಅಂಗಡಿ, ಹಿಂದೆ ಮನೆ. ಮಗಳು ಉಡುಪಿಯಲ್ಲಿ ನರ್ಸ್ ಅಂತೆ. ಗುರುತು ಹಿಡಿಯಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಾನು ಮರಗಳ ಮಾತು ಎತ್ತಿದೆ. ‘ಮರವಾ?’ ಎಂದು ಯೋಚಿಸಿದರು. ಮರ ಅವರಿಗೆ ಹೆಚ್ಚು ನೆನಪಿರಲಿಲ್ಲ. ಅಡುಗೆಮನೆಯಿಂದ ಕಟ್ಟಕಡೆಯ ಕಾರಿಗೆ ಎಷ್ಟು ಹೆಜ್ಜೆ ಎಂಬುದು ನೆನಪಿತ್ತು, ಮಳೆಯಲ್ಲಿ ಟ್ರೇ ಮೇಲೆ ಏನು ಮುಚ್ಚುತ್ತಿದ್ದರು ಎಂಬುದು, ಕೆಲವು ಕಾರುಗಳ ನಂಬರು, ಆ ಕಾರಿನವರು ಏನು ತಿನ್ನುತ್ತಿದ್ದರು ಎಂಬುದು. ‘ನಿಮ್ದ್ ಕಾರಿಲ್ಲ’ ಎಂದು ನಕ್ಕರು. ಮೊಣಕಾಲು ತೋರಿಸಿದರು. ಎರಡೂ ಕಾಲಿನಲ್ಲಿ ನೋವಂತೆ, ಆಗಿನಿಂದಲೇ.

ಫೋನಿನ ವಿಷಯ ಅವರು ಎತ್ತಲಿಲ್ಲ. ಬರುವಾಗ ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದ ನಾನೂ ಎತ್ತಲಿಲ್ಲ. ಒಳಗಿಂದ ಅವರ ಹೆಂಡತಿ ಎರಡು ಲೋಟ ಕಾಫಿ ತಂದರು. ಅಣ್ಣ ಎದ್ದು, ಅವರ ಕೈಯಿಂದ ತಟ್ಟೆ ತೆಗೆದುಕೊಂಡು, ತಾವೇ ನನ್ನ ಮುಂದೆ ಇಟ್ಟರು.